ಬಾವಿಯ ಪಂಪು ನೀರೆತ್ತದಿದ್ದರೆ ಮೊದಲು ಹಗ್ಗ ಇಳಿಸಿ ನೋಡಿ

ಮಾರ್ಚ್ ಕೊನೆಯ ವಾರದಿಂದ ನಮ್ಮ ಮನೆಯ ಬಾವಿಯ ಪಂಪು ಬೆಳಗಿನ ಹೊತ್ತು ತಾನಾಗಿ ನೀರು ಹಿಡಿಯುವುದನ್ನು ನಿಲ್ಲಿಸಿತು. ಸ್ವಿಚ್ ಹಾಕಿದರೆ ಮೋಟಾರು ಎಂದಿನಂತೆಯೇ ತಿರುಗುತ್ತಿತ್ತು, ಟ್ಯಾಂಕಿಗೆ ಮಾತ್ರ ಒಂದು ಹನಿಯೂ ಬೀಳುತ್ತಿರಲಿಲ್ಲ. ಪಂಪಿನ ಕೇಸಿಂಗಿನ (ಹೊರಕವಚದ) ಮೇಲಿನ ಬಿರಡೆ ಬಿಚ್ಚಿ ಒಂದು ಕೊಡ ನೀರು ಕುಡಿಸಿ, ಮತ್ತೆ ಬಿಗಿ ಮಾಡಿ ಸ್ವಿಚ್ ಹಾಕಿದರೆ ನೀರು ಬರುತ್ತಿತ್ತು. ವಿಷು ಕಳೆಯುವ ಹೊತ್ತಿಗೆ ಇನ್ನೊಂದು ತೊಂದರೆ ಅದಕ್ಕೆ ಸೇರಿಕೊಂಡಿತು. ಅರ್ಧ ಗಂಟೆ ಚೆನ್ನಾಗಿ ಬಂದ ನೀರು ಕ್ರಮೇಣ ಸಣ್ಣಗಾಗಿ, ಗಾಳಿಯ ಗುಳ್ಳೆಗಳಿಂದ ಹಾಲಿನಂತೆ ಬೆಳ್ಳಗಾಗಿ, ಪಂಪಿನೊಳಗೆ ಜಲ್ಲಿ ಕಲ್ಲು ಕುಲುಕಿದಂಥ ಸದ್ದು ಎದ್ದು, ಆಮೇಲೆ ಪೂರ್ತಿ ನಿಂತುಬಿಡುತ್ತಿತ್ತು. ಎರಡು ಸಾವಿರ ಲೀಟರಿನ ಟ್ಯಾಂಕು ಒಂದು ದಿನವೂ ತುಂಬುತ್ತಿರಲಿಲ್ಲ.

ನಮ್ಮದು ಪುತ್ತೂರು ತಾಲ್ಲೂಕಿನ ಗುಡ್ಡದ ಇಳಿಜಾರಿನ ಮನೆ. ಬಾವಿ ಅಜ್ಜನ ಕಾಲದ್ದು, ಮುರಕಲ್ಲಿನಲ್ಲಿ ಕಡಿದದ್ದು, ನಮ್ಮ ಕಡೆಯ ಲೆಕ್ಕದಲ್ಲಿ ಹದಿನಾರು ಕೋಲು ಆಳ. ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ, ಹಾಗಾಗಿ ನಲವತ್ತು ಅಡಿ ಎಂದುಕೊಳ್ಳಬಹುದು. ಅಡ್ಡಳತೆ ಎಂಟು ಅಡಿ. ಬಾವಿಕಟ್ಟೆಯ ಪಕ್ಕದಲ್ಲೇ ಪುಟ್ಟ ಗೂಡು ಕಟ್ಟಿ ಒಂದು ಅಶ್ವಶಕ್ತಿಯ ಮೋನೋಬ್ಲಾಕ್ (ಮೋಟಾರು, ಪಂಪು ಎರಡೂ ಒಂದಾಗಿರುವ) ಪಂಪನ್ನು ಕೂರಿಸಿದ್ದೆವು. ಅದರಿಂದ ಒಂದೂಕಾಲು ಇಂಚಿನ ಪೈಪು ಬಾವಿಯೊಳಕ್ಕೆ ಇಳಿದು, ತುದಿಯಲ್ಲಿ ಫುಟ್‌ವಾಲ್ವ್, ಅಂದರೆ ನೀರನ್ನು ಮೇಲಕ್ಕೆ ಮಾತ್ರ ಬಿಟ್ಟು ಕೆಳಕ್ಕೆ ಇಳಿಯದಂತೆ ತಡೆಯುವ ವಾಲ್ವು, ನೀರಿನಲ್ಲಿ ಮುಳುಗಿ ನಿಂತಿತ್ತು. ಕರಾವಳಿಯ ಹಳ್ಳಿಗಳಲ್ಲಿ ಇಂಥ ವ್ಯವಸ್ಥೆ ಇರುವ ಮನೆಗಳು ಎಷ್ಟೋ ಇವೆ, ಬೇಸಿಗೆಯಲ್ಲಿ ಇದೇ ದೂರು ಹೇಳುವವರೂ ಅಷ್ಟೇ ಇದ್ದಾರೆ. ಹಾಗಾಗಿ ನಮ್ಮಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಪೇಟೆಯಿಂದ ಕರೆಸಿದ ಮೆಕ್ಯಾನಿಕ್ ಮೋಟಾರಿನ ಸದ್ದು ಕೇಳಿ, ವೈಂಡಿಂಗ್ (ಮೋಟಾರಿನೊಳಗಿನ ತಂತಿಯ ಸುತ್ತು) ಬಲ ಕಳೆದುಕೊಂಡಿದೆ, ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ) ಸವೆದಿದೆ ಎಂದರು. ಪಂಪನ್ನು ಬಿಚ್ಚಿ ತಮ್ಮ ಅಂಗಡಿಗೆ ಒಯ್ದು, ಮೂರು ದಿನ ಇಟ್ಟುಕೊಂಡು, ಎರಡನ್ನೂ ಬದಲಾಯಿಸಿ ತಂದು ಜೋಡಿಸಿದರು. ನಾಲ್ಕು ಸಾವಿರಕ್ಕೂ ಮಿಕ್ಕಿ ಖರ್ಚಾಯಿತು. ಮೊದಲ ದಿನ ಟ್ಯಾಂಕು ತುಂಬಿ ಹರಿಯಿತು. ಎರಡನೆಯ ದಿನವೂ ತುಂಬಿತು. ಮೂರನೆಯ ದಿನ ಮತ್ತೆ ಅದೇ ಬಿಳಿ ನೀರು, ಅದೇ ಜಲ್ಲಿಯ ಸದ್ದು.

ಹೊಸ ವೈಂಡಿಂಗ್ ಎರಡೇ ದಿನದಲ್ಲಿ ಹೇಗೆ ಕೆಟ್ಟಿತು ಎಂದು ನಾನು ಮೋಟಾರನ್ನೇ ನೋಡುತ್ತ ನಿಂತಿದ್ದಾಗ ಅಮ್ಮ ಒಂದು ಮಾತು ಹೇಳಿದರು. ಪಂಪು ಅಂಗಡಿಯಲ್ಲಿದ್ದ ಮೂರು ದಿನ ಅಡುಗೆಗೂ ದನಗಳಿಗೂ ಅವರೇ ರಾಟೆಯಲ್ಲಿ ನೀರು ಸೇದಿದ್ದರು. ಮೊದಲ ದಿನ ಹಗ್ಗ ಕೊನೆಯ ಸುತ್ತಿನವರೆಗೂ ಬಿಚ್ಚಿಕೊಂಡರೆ, ಮೂರನೆಯ ದಿನ ಕೈಯಲ್ಲಿ ಒಂದು ಸುತ್ತು ಉಳಿಯುತ್ತಿತ್ತು ಎಂದರು ಅಮ್ಮ. ಅಂದರೆ ಪಂಪು ಓಡದ ಆ ಮೂರು ದಿನಗಳಲ್ಲಿ ಒರತೆಯ ನೀರು ಸೇರಿ ಬಾವಿಯ ಮಟ್ಟ ಮೇಲೆ ಬಂದಿತ್ತು, ಅದಕ್ಕಾಗಿಯೇ ಪಂಪು ಎರಡು ದಿನ ಸರಿಯಾಗಿ ಕೆಲಸ ಮಾಡಿತ್ತು. ರಿಪೇರಿಯಿಂದ ಗುಣವಾಯಿತು ಎಂದು ನಾವು ನಂಬಿದ್ದು ಬಾವಿಗೆ ಸಿಕ್ಕ ವಿಶ್ರಾಂತಿಯ ಫಲವಾಗಿತ್ತು. ಕೈಯಿಂದ ನೀರು ಸೇದುವ ಕಾಲದಲ್ಲಿ ಬಾವಿಯ ಮಟ್ಟ ಎಷ್ಟಿದೆ ಎನ್ನುವುದು ಮನೆಯ ಎಲ್ಲರಿಗೂ ಭುಜದ ನೋವಿನಿಂದಲೇ ತಿಳಿಯುತ್ತಿತ್ತು. ಪಂಪು ಬಂದ ಮೇಲೆ ಬಾವಿಗೆ ಇಣುಕಿ ನೋಡುವ ಅಭ್ಯಾಸವೇ ನಮ್ಮಿಂದ ತಪ್ಪಿಹೋಗಿದೆ.

ಅಂದು ಸಂಜೆ ಒಂದು ನೈಲಾನ್ ಹಗ್ಗಕ್ಕೆ ಅಡಿಗೊಂದರಂತೆ ಗಂಟು ಹಾಕಿ, ಐದು ಅಡಿಗೊಮ್ಮೆ ಕೆಂಪು ಬಟ್ಟೆಯ ಚೂರು ಕಟ್ಟಿ, ತುದಿಗೆ ಒಂದು ದೊಡ್ಡ ಕಬ್ಬಿಣದ ನಟ್ ಬಿಗಿದೆ. ಅಳತೆಯನ್ನು ನೆಲದಿಂದ ತೆಗೆಯದೆ ಪಂಪಿನ ಮಧ್ಯದ ಮಟ್ಟದಿಂದ ತೆಗೆಯಬೇಕು, ಏಕೆಂದರೆ ಲೆಕ್ಕಕ್ಕೆ ಬರುವುದು ಆ ಅಂತರವೇ. ಮರುದಿನ ಬೆಳಿಗ್ಗೆ ಆರು ಗಂಟೆಗೆ ನೀರಿನ ಮೇಲ್ಮೈ ಪಂಪಿನಿಂದ 23 ಅಡಿ ಕೆಳಗಿತ್ತು. ನೀರು ಕುಡಿಸಿ ಪಂಪು ಹಾಕಿದೆ. ಮೂವತ್ತೈದು ನಿಮಿಷಗಳಾಗುತ್ತಲೇ ನೀರು ಬಿಳುಪಾಗಿ ಹರಿವು ಕಡಿಯಿತು. ಕೂಡಲೇ ಹಗ್ಗ ಇಳಿಸಿದರೆ 24 ಅಡಿ ತೋರಿಸಿತು. ಅದರ ಮರುದಿನವೂ ಹರಿವು ಕಡಿದದ್ದು ಅದೇ 24ನೆಯ ಗಂಟಿನಲ್ಲಿ. ಆಮೇಲೆ ಬೇಕೆಂದೇ ಎರಡು ದಿನ ಪಂಪು ಹಾಕದೆ ಬಿಟ್ಟು ನೋಡಿದೆ. ಮಟ್ಟ ಒಂದು ಅಡಿ ನಾಲ್ಕು ಇಂಚು ಏರಿತ್ತು, ಅಂದು ಟ್ಯಾಂಕು ತೊಂದರೆಯಿಲ್ಲದೆ ತುಂಬಿತು.

ಎಂಟು ಅಡಿ ಅಡ್ಡಳತೆಯ ಬಾವಿಯಲ್ಲಿ ಒಂದು ಅಡಿ ಎತ್ತರದ ನೀರೆಂದರೆ ಸುಮಾರು 1,420 ಲೀಟರ್. ನಮ್ಮ ಪಂಪು ಹದಿನೈದು ಲೀಟರಿನ ಬಕೆಟನ್ನು ಹದಿನೆಂಟು ಸೆಕೆಂಡಿನಲ್ಲಿ ತುಂಬಿಸುತ್ತಿತ್ತು, ಅಂದರೆ ನಿಮಿಷಕ್ಕೆ ಐವತ್ತು ಲೀಟರ್. ಮೂವತ್ತೈದು ನಿಮಿಷಕ್ಕೆ ಹೊರಬಂದ ನೀರಿನಲ್ಲಿ ಒರತೆಯಿಂದ ಅಷ್ಟರಲ್ಲಿ ಬಂದು ಸೇರಿದ್ದನ್ನು ಕಳೆದರೆ ಮಟ್ಟ ಒಂದು ಅಡಿಯಷ್ಟು ಇಳಿಯಲೇಬೇಕು. ಹಗ್ಗ ಹೇಳಿದ್ದಕ್ಕೂ ಈ ಲೆಕ್ಕಕ್ಕೂ ತಾಳೆಯಾಯಿತು. ಬಾವಿಯ ತಳದಲ್ಲಿ ಆಗಲೂ ಹದಿನಾರು ಹದಿನೇಳು ಅಡಿ ನೀರಿತ್ತು. ಬಾವಿ ಬತ್ತಿರಲಿಲ್ಲ, ನೀರು ಪಂಪಿಗೆ ಎಟಕುತ್ತಿರಲಿಲ್ಲ.

ಏಕೆ ಎಟಕುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ಉಳಿದ ತನಿಖೆಯ ದಾರಿ ಸುಲಭವಾಗುತ್ತದೆ. ಪಂಪು ನೀರನ್ನು ಎಳೆಯುತ್ತದೆ ಎಂದು ನಾವು ವಾಡಿಕೆಯಲ್ಲಿ ಹೇಳುತ್ತೇವೆ. ಇಂಪೆಲ್ಲರ್ ತಿರುಗುವಾಗ ಅದರ ನಡುಭಾಗದಲ್ಲಿ ಒತ್ತಡ ಕುಸಿಯುತ್ತದೆ, ಆಗ ಬಾವಿಯ ನೀರಿನ ಮೇಲೆ ಹರಡಿಕೊಂಡಿರುವ ವಾತಾವರಣದ ಭಾರವು ನೀರನ್ನು ಪೈಪಿನೊಳಗೆ ಮೇಲಕ್ಕೆ ದಬ್ಬುತ್ತದೆ. ಆ ಭಾರಕ್ಕೆ ಒಂದು ಮಿತಿಯಿದೆ. ಸಮುದ್ರಮಟ್ಟದಲ್ಲಿ ಅದು ಎತ್ತಿ ನಿಲ್ಲಿಸಬಲ್ಲ ನೀರಿನ ಕಂಬದ ಎತ್ತರ 10.3 ಮೀಟರ್, ಅಂದರೆ ಸುಮಾರು 34 ಅಡಿ. ಹೀರುವ ಪಂಪು ಈ ಎತ್ತರವನ್ನು ದಾಟಲಾರದು ಎಂಬುದು ಬಾವಿ ತೋಡುವವರಿಗೆ ಅನುಭವದಿಂದ ಮೊದಲೇ ಗೊತ್ತಿತ್ತು, ಅದರ ಕಾರಣ ನಮ್ಮ ತಲೆಯ ಮೇಲಿರುವ ಗಾಳಿಯ ತೂಕ ಎಂದು 1640ರ ದಶಕದಲ್ಲಿ ಇಟಲಿಯ ವಿಜ್ಞಾನಿ ಟೊರಿಚೆಲ್ಲಿ ತೋರಿಸಿಕೊಟ್ಟರು. ಪೈಪಿನ ಒಳಮೈಯ ಘರ್ಷಣೆ, ಬೆಂಡುಗಳು, ಫುಟ್‌ವಾಲ್ವಿನ ಜಾಲರಿ, ಬೇಸಿಗೆಯ ನೀರಿನ ಆವಿಯ ಒತ್ತಡ, ಇಂಪೆಲ್ಲರಿಗೆ ತನ್ನ ಕೆಲಸಕ್ಕೇ ಬೇಕಾದ ಪಾಲು ಇವೆಲ್ಲವನ್ನೂ ಕಳೆದರೆ ಮನೆಬಳಕೆಯ ಪಂಪಿಗೆ ಉಳಿಯುವುದು ಏಳು ಮೀಟರಿನ ಆಸುಪಾಸು. 24 ಅಡಿ ಎಂದರೆ 7.3 ಮೀಟರ್. ನಮ್ಮ ಪಂಪು ತನ್ನ ಮಿತಿಯ ಅಂಚಿನಲ್ಲೇ ಸೋಲುತ್ತಿತ್ತು. ಮಡಿಕೇರಿಯಂಥ ಎತ್ತರದ ಊರುಗಳಲ್ಲಿ ಗಾಳಿಯ ಒತ್ತಡವೇ ಕಡಿಮೆಯಾದ್ದರಿಂದ ಈ ಮಿತಿ ಇನ್ನೂ ಒಂದು ಮೀಟರಿಗಿಂತ ಹೆಚ್ಚು ತಗ್ಗುತ್ತದೆ.

ಜಲ್ಲಿ ಕುಲುಕಿದಂಥ ಸದ್ದಿನ ಮೂಲವೂ ಇದೇ. ಒತ್ತಡ ತೀರ ಕುಸಿದಾಗ ಪಂಪಿನೊಳಗಿನ ನೀರು ಕುದಿಯುವ ಶಾಖವಿಲ್ಲದೆಯೂ ಆವಿಯ ಗುಳ್ಳೆಗಳಾಗಿ ಒಡೆಯುತ್ತದೆ, ಆ ಗುಳ್ಳೆಗಳು ಮುಂದೆ ಒತ್ತಡ ಹೆಚ್ಚಿರುವ ಜಾಗಕ್ಕೆ ಬಂದು ಕುಸಿಯುವಾಗ ಇಂಪೆಲ್ಲರಿನ ಮೈಗೆ ಸುತ್ತಿಗೆಯಂತೆ ಬಡಿಯುತ್ತವೆ. ಆ ಸದ್ದು ಕೇಳಿದ ಮೇಲೂ ಪಂಪನ್ನು ಓಡಿಸುತ್ತ ಹೋದರೆ ಹೊಸ ಇಂಪೆಲ್ಲರೂ ಬೇಗ ಹಾಳಾಗುತ್ತದೆ, ನೀರಿನ ತಂಪಿಲ್ಲದೆ ಸೀಲ್ ಸುಡುತ್ತದೆ. ಪಂಪಿನ ಫಲಕದ ಮೇಲೆ ಒಟ್ಟು ಹೆಡ್ 25 ಮೀಟರ್ ಎಂದು ಬರೆದಿರುವುದನ್ನು ನೋಡಿ, ಬಾವಿ ಹನ್ನೆರಡೇ ಮೀಟರ್ ತಾನೇ ಎಂದು ಸಮಾಧಾನ ಪಟ್ಟುಕೊಳ್ಳುವವರು ಬಹಳ. ಆ ಅಂಕೆ ಕೆಳಗಿನ ನೀರಿನಿಂದ ಮೇಲಿನ ಟ್ಯಾಂಕಿನವರೆಗಿನ ಒಟ್ಟು ಎತ್ತರಕ್ಕೆ ಸಂಬಂಧಿಸಿದ್ದು. ಪಂಪಿನಿಂದ ಮೇಲಕ್ಕೆ ತಳ್ಳುವಲ್ಲಿ ಮೋಟಾರಿನ ಶಕ್ತಿ ದುಡಿಯುತ್ತದೆ. ಪಂಪಿನವರೆಗೆ ನೀರು ಏರಿ ಬರುವ ವಿಷಯದಲ್ಲಿ ಐದು ಅಶ್ವಶಕ್ತಿಯ ಮೋಟಾರು ತಂದು ಕೂರಿಸಿದರೂ ಗಾಳಿಯ ಭಾರ ಹೆಚ್ಚುವುದಿಲ್ಲ.

ಇಷ್ಟಾದರೂ ಬೆಳಗಿನ ನೀರು ಕುಡಿಸುವ ತೊಂದರೆಗೆ ಇನ್ನೂ ಉತ್ತರ ಸಿಕ್ಕಿರಲಿಲ್ಲ. ರಾತ್ರಿಯಿಡೀ ಪೈಪಿನಲ್ಲಿ ನಿಲ್ಲಬೇಕಾದ ನೀರು ಎಲ್ಲೋ ಇಳಿದುಹೋಗುತ್ತಿತ್ತು. ಅದಕ್ಕೆ ಎರಡೇ ದಾರಿ: ಕೆಳಗೆ ಫುಟ್‌ವಾಲ್ವ್ ಸರಿಯಾಗಿ ಮುಚ್ಚಿಕೊಳ್ಳದೆ ಸೋರುವುದು, ಅಥವಾ ಮೇಲಿನ ಯಾವುದಾದರೂ ಜೋಡಣೆಯಲ್ಲಿ ಗಾಳಿ ನುಸುಳುವುದು. ಇವನ್ನು ಬೇರ್ಪಡಿಸುವುದು ಹೇಗೆಂದು ತಿಳಿಯಲು ನಾನು ಒಂದು ಇಡೀ ದಿನ ಕಳೆದೆ. ಸಕ್ಷನ್ ಪೈಪಿನ (ಬಾವಿಯಿಂದ ಪಂಪಿನವರೆಗಿನ ಪೈಪಿನ) ಸಣ್ಣ ರಂಧ್ರ ಪಂಪು ಓಡುವಾಗ ಕಣ್ಣಿಗೆ ಬೀಳುವುದಿಲ್ಲ, ಆಗ ಒಳಗಿನ ಒತ್ತಡ ಹೊರಗಿಗಿಂತ ಕಡಿಮೆಯಿರುವುದರಿಂದ ನೀರು ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಪಂಪು ನಿಲ್ಲಿಸಿ, ಬಿರಡೆ ತೆಗೆದು, ಬಾಯವರೆಗೆ ನೀರು ತುಂಬಿಸಿ ತೆರೆದೇ ಬಿಟ್ಟರೆ ಅದೇ ರಂಧ್ರದಿಂದ ನೀರು ಹೊರಕ್ಕೆ ಜಿನುಗುತ್ತದೆ. ಹಾಗೆ ತುಂಬಿಸಿಟ್ಟು ಒಂದೊಂದೇ ಜೋಡಣೆಯನ್ನು ಒಣ ಬಟ್ಟೆಯಿಂದ ಒರೆಸಿ ಕಾಯಬೇಕು. ಎಲ್ಲವೂ ಒಣಗಿಯೇ ಇದ್ದು ಬಾಯಿಯ ನೀರು ಇಳಿಯುತ್ತಿದ್ದರೆ ತಪ್ಪು ಫುಟ್‌ವಾಲ್ವಿನದು. ನಮ್ಮಲ್ಲಿ ಬಾಯಿಯ ನೀರು ಹತ್ತು ನಿಮಿಷದಲ್ಲಿ ಕಾಣದಂತೆ ಇಳಿಯಿತು, ಅದರ ಜೊತೆಗೆ ಪಂಪಿನ ಪಕ್ಕದ ಯೂನಿಯನ್ನಿನ (ಪೈಪು ಜೋಡಿಸುವ ತಿರುಪಿನ ಭಾಗದ) ಅಡಿಯಲ್ಲೂ ಬಟ್ಟೆ ಸ್ವಲ್ಪ ತೇವವಾಯಿತು.

ಆ ತೇವ ನಿಜವಾಗಿ ಸೋರಿಕೆಯೇ ಅಥವಾ ನಾನು ತುಂಬಿಸುವಾಗ ಚೆಲ್ಲಿದ್ದೇ ಎಂಬ ಅನುಮಾನ ಉಳಿದಿತ್ತು. ಸಂಜೆ ಗಾಳಿ ನಿಂತ ಮೇಲೆ, ಗೂಡಿನ ಬಾಗಿಲಿಗೆ ಗೋಣಿ ಇಳಿಬಿಟ್ಟು, ಪಂಪು ಓಡುತ್ತಿರುವಾಗ ದೇವರ ಮನೆಯ ಊದುಬತ್ತಿಯೊಂದನ್ನು ಹಚ್ಚಿ ಯೂನಿಯನ್ನಿನ ಸುತ್ತ ನಿಧಾನವಾಗಿ ಆಡಿಸಿದೆ. ಹೊಗೆ ಮೇಲ್ಭಾಗದಲ್ಲೂ ಎರಡು ಬದಿಗಳಲ್ಲೂ ನೇರವಾಗಿ ಮೇಲೇಳುತ್ತಿತ್ತು. ಅಡಿಭಾಗಕ್ಕೆ ತಂದಾಗ ಹೊಗೆಯ ಎಳೆ ಅರ್ಧ ಇಂಚು ಬಾಗಿ, ಥ್ರೆಡ್ಡಿಗೆ ಸುತ್ತಿದ್ದ ಹಳೆಯ ಸೆಣಬಿನ ಸಂದಿಯೊಳಕ್ಕೆ ಹೊಕ್ಕು ಮಾಯವಾಯಿತು. ಊದುಬತ್ತಿಯನ್ನು ಒಂದು ಬೆರಳಿನಷ್ಟು ದೂರ ಸರಿಸಿದರೆ ಮತ್ತೆ ನೆಟ್ಟಗಾಗುತ್ತಿತ್ತು. ಮೂರು ಸಲ ನೋಡಿದೆ, ಮೂರು ಸಲವೂ ಅದೇ ಜಾಗ. ಹಾವು ಹುತ್ತಕ್ಕೆ ಹೋಗುವಂತೆ ಹೊಗೆ ಅಲ್ಲಿಗೇ ಹೋಗುತ್ತಿತ್ತು. ಸೆಣಬು ಒಣಗಿ ಪುಡಿಯಾಗಿತ್ತು. ಅದನ್ನು ಕಿತ್ತು, ಥ್ರೆಡ್ಡನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಟೆಫ್ಲಾನ್ ಟೇಪನ್ನು ಥ್ರೆಡ್ಡಿನ ದಿಕ್ಕಿನಲ್ಲೇ ಹನ್ನೆರಡು ಸುತ್ತು ಸುತ್ತಿ ಬಿಗಿ ಮಾಡಿದೆ. ಖರ್ಚು ಐವತ್ತು ರೂಪಾಯಿಯೂ ಆಗಲಿಲ್ಲ.

ಫುಟ್‌ವಾಲ್ವನ್ನು ನೋಡಲು ಪೈಪನ್ನು ಇಡಿಯಾಗಿ ಮೇಲೆತ್ತಬೇಕಾಯಿತು. ನೀರು ತುಂಬಿದ ಮೂವತ್ತಾರು ಅಡಿಯ ಪೈಪು ಇಬ್ಬರ ಕೈಗೆ ಬಗ್ಗುವುದಿಲ್ಲ, ರಾಟೆಯ ಹಗ್ಗವನ್ನೂ ಕಟ್ಟಿ ನಾಲ್ವರು ಸೇರಿ ಎಳೆದೆವು. ಜಾಲರಿಯ ಮುಕ್ಕಾಲು ಭಾಗಕ್ಕೆ ಶೇಡಿಮಣ್ಣು ಮೆತ್ತಿಕೊಂಡು, ಬಾವಿಯ ಗೋಡೆಯಲ್ಲಿ ಬೆಳೆಯುವ ಜರೀಗಿಡದ ಬೇರು ಅದಕ್ಕೆ ಸುತ್ತಿಕೊಂಡಿತ್ತು. ಮುರಕಲ್ಲಿನ ಪದರದ ಕೆಳಗೆ ನಮ್ಮ ಕಡೆ ಈ ಬಿಳಿಯ ನುಣುಪು ಜೇಡಿ ಸಿಗುತ್ತದೆ, ಬೇಸಿಗೆಯಲ್ಲಿ ನೀರು ಇಳಿದಂತೆ ಅದು ಕದಡಿ ಮೇಲೇಳುತ್ತದೆ. ಜಾಲರಿ ಬಿಚ್ಚಿದಾಗ ಕಂಡದ್ದು ಕಡಲೆಬೇಳೆಯಷ್ಟು ದೊಡ್ಡ ಒಂದು ಮುರಕಲ್ಲಿನ ಚೂರು. ಅದು ವಾಲ್ವಿನ ಮುಚ್ಚಳ ಮತ್ತು ಪೀಠದ ನಡುವೆ ಸಿಕ್ಕಿಕೊಂಡು, ರಬ್ಬರ್ ವಾಷರಿನಲ್ಲಿ ತನ್ನ ಆಕಾರದ ಗುಳಿಯನ್ನೇ ಕೊರೆದಿತ್ತು. ಅಷ್ಟು ಸಾಕಾಗಿತ್ತು ರಾತ್ರಿಯೊಳಗೆ ಪೈಪು ಖಾಲಿಯಾಗಲು. ಹೊಸ ಫುಟ್‌ವಾಲ್ವ್ ತರುವಾಗ ಒಂದೂಕಾಲು ಇಂಚಿನದ್ದನ್ನೇ ಕೇಳಿ ತಂದೆ. ಅಂಗಡಿಯಲ್ಲಿ ಒಂದು ಇಂಚಿನದು ಸಾಕು, ರಿಡ್ಯೂಸರ್ ಹಾಕಿದರಾಯಿತು ಎಂದರು. ಅದೇ ಪ್ರಮಾಣದ ನೀರು ಒಂದು ಇಂಚಿನ ಪೈಪಿನಲ್ಲಿ ಹರಿದರೆ ಘರ್ಷಣೆಯಿಂದ ಆಗುವ ನಷ್ಟ ಸುಮಾರು ಮೂರು ಪಟ್ಟು. ಏಳು ಮೀಟರಿನ ಅಂಚಿನಲ್ಲಿ ಅಂಗುಲ ಅಂಗುಲಕ್ಕೂ ಬೆಲೆಯಿರುವಾಗ ತುದಿಯ ವಾಲ್ವಿನಲ್ಲೂ ಆ ಇಕ್ಕಟ್ಟನ್ನು ನಾವೇ ತಂದುಕೊಳ್ಳಬಾರದು. ತಿರುಗಿ ಇಳಿಸುವಾಗ ವಾಲ್ವು ಕೆಸರಿಗೆ ತಾಗದಂತೆ ತಳದಿಂದ ಎರಡು ಅಡಿಯಾದರೂ ಮೇಲಿರುವಂತೆ ನೋಡಿಕೊಂಡೆವು.

ಯೂನಿಯನ್ ಮತ್ತು ವಾಲ್ವು ಎರಡೂ ಸರಿಯಾದ ಮೇಲೆ ಬೆಳಿಗ್ಗೆ ನೀರು ಕುಡಿಸುವ ಕೆಲಸ ತಪ್ಪಿತು. ಹರಿವು ಕಡಿಯುವ ಗಂಟು 24ರಿಂದ ಇಪ್ಪತ್ತೈದೂವರೆಗೆ ಇಳಿಯಿತು, ಅಂದರೆ ಗಾಳಿ ಮತ್ತು ಕೆಸರು ಸೇರಿ ನಮ್ಮಿಂದ ಒಂದೂವರೆ ಅಡಿ ಕಸಿದುಕೊಂಡಿದ್ದವು. ಏಪ್ರಿಲ್ ತಿಂಗಳನ್ನು ದಾಟಲು ಅಷ್ಟು ಸಾಕಾಯಿತು.

ವಿದ್ಯುತ್ತಿನ ಕಡೆಯ ದೋಷವೂ ಒಂದಿತ್ತು, ಅದನ್ನು ಚಿಕ್ಕದಾಗಿ ಹೇಳುತ್ತೇನೆ. ಸಂಜೆ ಏಳರ ಹೊತ್ತಿಗೆ ನಮ್ಮಲ್ಲಿ ಮೀಟರ್ 178 ವೋಲ್ಟ್ ತೋರಿಸುತ್ತದೆ. ಮೋಟಾರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಕುಗ್ಗುವುದರಿಂದ 230ಕ್ಕೆ ಹೋಲಿಸಿದರೆ ಆಗ ಉಳಿಯುವುದು ನೂರಕ್ಕೆ ಅರವತ್ತು ಪಾಲು ಮಾತ್ರ. ಒಂದು ಸಂಜೆ ಮೋಟಾರು ತಿರುಗದೆ ಗುಂಯ್‌ಗುಡುತ್ತ ನಿಂತಿತು. ನೋಡಲು ಬಂದ ಎಲೆಕ್ಟ್ರಿಷಿಯನ್ ಕೆಪಾಸಿಟರ್ (ಮೋಟಾರು ತಿರುಗತೊಡಗಲು ನೆರವಾಗುವ ಬಿಡಿಭಾಗ) ಅಳೆದರೆ, 25 ಮೈಕ್ರೋಫ್ಯಾರಡ್ ಎಂದು ಬರೆದಿದ್ದ ಅದು 17ಕ್ಕೆ ಇಳಿದಿತ್ತು. ಬದಲಾಯಿಸಿದ ಮೇಲೆ ಸರಿಯಾಯಿತು. ಈಗ ಪಂಪನ್ನು ಬೆಳಿಗ್ಗೆ ಮಾತ್ರ ಹಾಕುತ್ತೇವೆ. ಗುಂಯ್‌ಗುಡುವ ಮೋಟಾರನ್ನು ಕೆಲವು ಸೆಕೆಂಡುಗಳಿಗಿಂತ ಹೆಚ್ಚು ಹಾಗೇ ಬಿಡಬಾರದು, ವೈಂಡಿಂಗ್ ನಿಜವಾಗಿ ಸುಡುವುದು ಆಗ. ಕೆಪಾಸಿಟರಿನಲ್ಲಿ ಸ್ವಿಚ್ ತೆಗೆದ ಮೇಲೂ ವಿದ್ಯುತ್ತು ಉಳಿದಿರುತ್ತದೆ, ಗೊತ್ತಿಲ್ಲದವರು ಅದನ್ನು ಮುಟ್ಟಬಾರದು. ಅಡಿಕೆ ತೋಟಕ್ಕೆ ತ್ರೀ ಫೇಸ್ ಪಂಪಿರುವವರು ಲೈನ್ ರಿಪೇರಿಯಾದ ಮರುದಿನ ನೀರು ಕಡಿಮೆ ಬಂದರೆ ಮೋಟಾರು ಹಿಮ್ಮುಖವಾಗಿ ತಿರುಗುತ್ತಿದೆಯೇ ಎಂದು ನೋಡಬೇಕು. ಎರಡು ಫೇಸುಗಳು ಅದಲುಬದಲಾದರೆ ಹಾಗಾಗುತ್ತದೆ.

ಮೇ ಮೊದಲ ವಾರದಲ್ಲಿ ಬೆಳಗಿನ ಮಟ್ಟವೇ 25 ಅಡಿಗೆ ಇಳಿಯಿತು. ಇನ್ನು ಪಂಪನ್ನೇ ನೀರಿನ ಹತ್ತಿರಕ್ಕೆ ಒಯ್ಯದೆ ದಾರಿಯಿರಲಿಲ್ಲ. ಒಂಬತ್ತು ಅಡಿ ಕೆಳಗೆ ಮುರಕಲ್ಲಿನ ಗೋಡೆಯಲ್ಲಿ ಅಜ್ಜ ಕಡಿಸಿದ್ದ ಒಂದು ಮೆಟ್ಟು ಇದೆ, ಅದಕ್ಕೆ ಕಬ್ಬಿಣದ ಆಂಗಲ್ ಬಿಗಿದು ಪಂಪನ್ನು ಅಲ್ಲಿ ಕೂರಿಸಲು ಬಾವಿ ಕೆಲಸದವರನ್ನು ಕರೆದೆವು. ಅವರ ಕೆಲಸದ ಕ್ರಮ ನನಗೆ ತುಂಬ ಹಿಡಿಸಿತು. ಮೊದಲು ಮೇನ್ ಫ್ಯೂಸ್ ಕಿತ್ತು ಅದನ್ನು ನನ್ನ ಜೇಬಿಗೇ ಹಾಕಿಸಿದರು. ಸೊಪ್ಪಿನ ಕೊಂಬೆಯೊಂದನ್ನು ಹಗ್ಗಕ್ಕೆ ಕಟ್ಟಿ ಹತ್ತು ನಿಮಿಷ ಮೇಲೆ ಕೆಳಗೆ ಆಡಿಸಿ ಒಳಗಿನ ಗಾಳಿಯನ್ನು ಕದಡಿದರು. ಆಮೇಲೆ ಹೊತ್ತಿಸಿದ ದೀಪವನ್ನು ಇಳಿಸಿ, ಅದು ಆರದೆ ಉರಿಯುವುದನ್ನು ನೋಡಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಇಳಿದರು. ಮೇಲೆ ಇಬ್ಬರು ಹಗ್ಗ ಬಿಡದೆ ನಿಂತಿದ್ದರು. ಆಮ್ಲಜನಕ ಕಡಿಮೆಯಿದ್ದರೆ ದೀಪ ಆರುತ್ತದೆ, ಎಲ್ಲ ಬಗೆಯ ವಿಷಗಾಳಿಯನ್ನೂ ಅದು ತೋರಿಸುವುದಿಲ್ಲ. ಬಾವಿಗೆ ಇಳಿದವನನ್ನು ಎತ್ತಲು ಹೋಗಿ ಇನ್ನೊಬ್ಬನೂ ಸತ್ತ ಸುದ್ದಿಗಳನ್ನು ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಪಂಪಿನ ಕೆಲಸಕ್ಕೆಂದು ಮನೆಯವರು ಯಾರೂ ಒಬ್ಬರೇ ಬಾವಿಗೆ ಇಳಿಯಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ವಿದ್ಯುತ್ತು ಬಾವಿಯೊಳಗೇ ಇಳಿಯುವುದರಿಂದ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ (ವಿದ್ಯುತ್ತು ಸೋರಿದೊಡನೆ ತಾನಾಗಿ ಕಡಿಯುವ ಸ್ವಿಚ್) ಹಾಕಿಸಿದ್ದೇವೆ.

ಮೆಟ್ಟಿಗೆ ಇಳಿದ ಮೇಲೆ ಪಂಪಿಗೂ ನೀರಿಗೂ ಅಂತರ 16 ಅಡಿಯಾಯಿತು. ಟ್ಯಾಂಕು ಒಂದೇ ಸಲಕ್ಕೆ ತುಂಬುತ್ತಿದೆ, ಸದ್ದು ನುಣುಪಾಗಿದೆ. ಮಳೆಗಾಲದಲ್ಲಿ ಮಾತ್ರ ಈ ಬಾವಿಯ ನೀರು ನೆಲದಿಂದ ಆರು ಅಡಿಯವರೆಗೆ ಏರಿ ಆ ಮೆಟ್ಟನ್ನು ಪೂರ್ತಿ ಮುಳುಗಿಸುತ್ತದೆ, ಹಾಗಾಗಿ ಪಂಪನ್ನು ಮುಂಗಾರಿಗೆ ಮೊದಲೇ ಮೇಲಕ್ಕೆ ತರಲೇಬೇಕು. ನೀರಿನೊಳಗೇ ಇರುವ ಓಪನ್‌ವೆಲ್ ಸಬ್‌ಮರ್ಸಿಬಲ್ ಹಾಕಿದರೆ ಈ ಹತ್ತುವ ಇಳಿಯುವ ಕೆಲಸವೂ ಫುಟ್‌ವಾಲ್ವೂ ಎರಡೂ ಇರುವುದಿಲ್ಲ, ಮುಂದಿನ ವರ್ಷ ಅದನ್ನೇ ತರಬೇಕೆಂದಿದ್ದೇವೆ. ಈ ವರ್ಷ ಹೊಸ ವೈಂಡಿಂಗಿಗೆ ಕೊಟ್ಟ ಹಣ ದುಡಿಯಲಿ.

ಗಂಟಿನ ಹಗ್ಗವನ್ನು ಈಗ ಗೂಡಿನ ಮೊಳೆಗೆ ತೂಗುಹಾಕಿದ್ದೇನೆ. ಅಮ್ಮ ದಿನಾ ಬೆಳಿಗ್ಗೆ ಅದನ್ನು ಇಳಿಸಿ, ಪಂಪು ಮೊದಲಿದ್ದ ಮಟ್ಟದಿಂದಲೇ ಅಳೆದು, ಗೂಡಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಯುತ್ತಾರೆ. ಇಂದು ಬರೆದದ್ದು 26 ಅಡಿ 2 ಇಂಚು, ಕಳೆದ ವಾರಕ್ಕಿಂತ ಐದು ಇಂಚು ಕೆಳಗೆ. ಮಳೆಗಾಲ ಹತ್ತಿರವಾಯಿತೆಂದು ತುಳುನಾಡಿನವರು ಎಣಿಸುವ ಪತ್ತನಾಜೆಗೆ ಇನ್ನು ಒಂಬತ್ತು ದಿನ ಇದೆ. ಆ ಅಂಕೆ ಮೊದಲ ಸಲ ಮೇಲಕ್ಕೆ ತಿರುಗಿದ ದಿನವೇ ಬಾವಿ ಕೆಲಸದವರಿಗೆ ಫೋನ್ ಮಾಡಬೇಕೆಂದು ಮಾತಾಡಿಕೊಂಡಿದ್ದೇವೆ.